ಭಾನುವಾರ: ಮುಟ್ಟಿನ ನೋವಿಗೆ ಮಾತ್ರೆಯಿಲ್ಲದ ಉಪಾಯಗಳು

ಅಕ್ಕತಂಗಿಯರಿಗೆ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಬಾಗಲಕೋಟೆ ನವನಗರದ ನಮ್ಮ ಸಂಘದ ಕೋಣೆಯಲ್ಲಿ ಸೇರೋಣ. ಹೈಸ್ಕೂಲಿನ ಹೆಣ್ಣುಮಕ್ಕಳನ್ನೂ ಕರೆತನ್ನಿ, ಅವರಿಗೇ ಇದು ಹೆಚ್ಚು ಬೇಕು.

ಮುಖ್ಯವಾಗಿ ಶಾಖ. ನಮ್ಮೂರಿನ ಬಿಸಿಲು ಸಾಲದೇ ಎಂದು ನಗಬೇಡಿ! ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದಿಂದ ಗರ್ಭಕೋಶದ ಸ್ನಾಯು ಹಿಂಡಿದಂತಾಗಿ ನೋಯುತ್ತದೆ. ಶಾಖ ಆ ಬಿಗಿತವನ್ನು ಸಡಿಲಿಸುತ್ತದೆ. ರಬ್ಬರ್ ಚೀಲಕ್ಕೆ ಕುದಿಯುವ ನೀರು ಬೇಡ. ಪೂರ್ತಿ ತುಂಬಿಸದೆ, ಗಾಳಿ ಹೊರಹಾಕಿ, ಬಿರಡೆ ಬಿಗಿದು, ಟವೆಲ್ ಸುತ್ತಿ ಕಿಬ್ಬೊಟ್ಟೆಯ ಮೇಲೆ 15–20 ನಿಮಿಷ ಇಡಬೇಕು. ನಡಿಗೆ, ಹಗುರ ವ್ಯಾಯಾಮವೂ ನೆರವಾಗುತ್ತವೆ; ಚಾಪೆ ತನ್ನಿ.

ತಿಂಗಳಿಂದ ತಿಂಗಳಿಗೆ ನೋವು ಹೆಚ್ಚುತ್ತಿದ್ದರೆ, ಅತಿಯಾಗಿ ರಕ್ತ ಹೋಗುತ್ತಿದ್ದರೆ ಭಾನುವಾರದವರೆಗೆ ಕಾಯದೆ ವೈದ್ಯರನ್ನು ಕಾಣಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ. ಗುಂಪಿನಲ್ಲಿ ಕೇಳಲು ಸಂಕೋಚವಿದ್ದರೆ ನನಗೆ ಪ್ರತ್ಯೇಕವಾಗಿ ಬರೆಯಿರಿ.