ಕೊನೆಯ ಖಾಲಿ ಹಾಳೆ

ಪ್ರೀತಿಯ ಕೂಸೇ,

ನಿನ್ನ ಕಾಗದ ಎರಡು ಸಲ ಓದಿದೆ. "ಸತ್ಯವೇದ ನಿನ್ನೆಯ ಮನ್ನಾ, ಕರ್ತನು ಇವತ್ತಿನದನ್ನು ನನಗೆ ಕೊಡುತ್ತಿದ್ದಾನೆ" ಎಂದು ನಿಮ್ಮ ಪ್ರಾರ್ಥನಾ ಕೂಟದ ಹಿರಿಯರು ಅಂದದ್ದು ನಿನ್ನ ಮನಸ್ಸಿಗೆ ನಾಟಿದೆ. ಮನ್ನಾ ಎಂದರೆ ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಆಯಾ ದಿನಕ್ಕೆಂದು ಕೊಟ್ಟ ಆಹಾರ; ಬೈಬಲ್ ನಿನ್ನೆಯದಾಯಿತು, ದೇವರು ಇವತ್ತು ತಮಗೇ ನೇರವಾಗಿ ಮಾತಾಡುತ್ತಾನೆ ಎಂಬುದು ಅವರ ಅರ್ಥ. ನಾಟುವಂಥ ಮಾತೇ. ನನಗೂ ಒಂದು ಕಾಲದಲ್ಲಿ ನಾಟಿತ್ತು.

ನಿನ್ನ ವಯಸ್ಸಿನಲ್ಲಿ ಒಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು, ಈ ತಿಂಗಳೊಳಗೆ ನಿನ್ನ ತಾಯಿ ಹಾಸಿಗೆ ಬಿಟ್ಟು ಏಳುವುದನ್ನು ಕರ್ತನು ತೋರಿಸಿದ್ದಾನೆ ಅಂದರು. ನಾನು ಅದನ್ನು ತಾರೀಖು ಸಮೇತ ಸತ್ಯವೇದದ ಕೊನೆಯ ಖಾಲಿ ಹಾಳೆಯಲ್ಲಿ ಬರೆದಿಟ್ಟೆ. ಶಾಯಿ ಹಿಂದಿನ ಪುಟಕ್ಕೆ ಇಳಿದು, ಸತ್ಯವೇದದ ಕೊನೆಯ ಅಧ್ಯಾಯವಾದ ಪ್ರಕಟನೆ 22ರ ಮೇಲೆ ನೀಲಿ ಕಲೆ ಮಾಡಿತು. ಅಮ್ಮ ಆ ತಿಂಗಳು ದಾಟಲಿಲ್ಲ. ಕೇಳಲು ಹೋದರೆ, "ನಿನ್ನ ನಂಬಿಕೆ ಸಾಲಲಿಲ್ಲ" ಅಂದರು. ಸಾವಿಗಿಂತ ಆ ಮಾತು ಹೆಚ್ಚು ದಿನ ಚುಚ್ಚಿತು.

ಆ ಪುಟದಲ್ಲೇ ಈ ಮಾತುಗಳಿಗೆ ಏನನ್ನೂ "ಕೂಡಿಸಬೇಡ" ಎಂಬ ಎಚ್ಚರಿಕೆ ಇದೆ. ಆದರೆ ಅದನ್ನು ಹಿಡಿದು ನಿಮ್ಮ ಹಿರಿಯರ ಜೊತೆ ವಾದಕ್ಕಿಳಿಯಬೇಡ. ಮೋಶೆಯ ಧರ್ಮೋಪದೇಶಕಾಂಡ 4ರಲ್ಲೂ ಅಂಥದೇ ಮಾತಿದೆ. ಅದಾದ ಮೇಲೂ ಪ್ರವಾದಿ ಯೆಶಾಯ ಬಂದ, ಯೆರೆಮೀಯ ಬಂದ. ಆ ಹಿರಿಯರು ಅದನ್ನೇ ತಿರುಗಿಸಿ ನಿನ್ನ ಬಾಯಿ ಮುಚ್ಚಿಸುತ್ತಾರೆ.

ದೇವರು ಇಂದು ಮಾತಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಮಾತಾಡಿದನು ಎಂದವರನ್ನು ಯಾರು ಪರೀಕ್ಷಿಸಬೇಕು? ಅಪೊಸ್ತಲ ಪೌಲನು ಬೋಧಿಸಿದ್ದನ್ನೇ ಬೆರೋಯ ಊರಿನವರು ದಿನಾಲೂ ಶಾಸ್ತ್ರ ತೆರೆದು ನೋಡಿದರು. ಅಪೊಸ್ತಲರ ಕೃತ್ಯಗಳು 17 ಅದಕ್ಕೇ ಅವರನ್ನು ಮೆಚ್ಚುತ್ತದೆ. ಕೊರಿಂಥದ ಸಭೆಗೆ ಪೌಲ ಬರೆದದ್ದೂ ಹಾಗೇ: ಇಬ್ಬರು ಮೂವರು ಪ್ರವಾದಿಸಲಿ, ಮಿಕ್ಕವರು ವಿವೇಚಿಸಲಿ. ಪುಸ್ತಕ ನಿನ್ನ ಕೈಯಲ್ಲೂ ಇದೆ, ನನ್ನ ಕೈಯಲ್ಲೂ ಇದೆ. ರಾತ್ರಿ ಕಂಡ ದರ್ಶನ ಮಾತ್ರ ಕಂಡವನೊಬ್ಬನ ಬಾಯಲ್ಲಿ.

ಇದು ಹಳೇ ಕಥೆ. ಎರಡನೇ ಶತಮಾನದಲ್ಲೇ ಫ್ರಿಗ್ಯದ ಮೊಂಟಾನಸ್, ಪ್ರಿಸ್ಕಿಲ್ಲ, ಮ್ಯಾಕ್ಸಿಮಿಲ್ಲ ಪವಿತ್ರಾತ್ಮನ ಹೆಸರಿನಲ್ಲಿ ಹೊಸ ಮಾತು ನುಡಿದರು. ತೆರ್ತುಲ್ಲಿಯನ್‌ನಂಥ ಪಂಡಿತನೂ ಅತ್ತ ವಾಲಿದ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ತಾನು ಪ್ರವಾದಿ ಎಂದುಕೊಂಡ ಯಾನ್ ಮಾಥಿಸ್ 1534ರ ಈಸ್ಟರ್‌ಗೆ ಎಲ್ಲ ಮುಗಿಯುತ್ತದೆ ಅಂದ. ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಊರಿಗೆ ಮುತ್ತಿಗೆ ಹಾಕಿದ್ದ ಬಿಷಪ್ಪನ ಸೈನ್ಯದ ಮೇಲೆ ನುಗ್ಗಿ ಸತ್ತ. ಅಲ್ಲಿಗಾದರೂ ನಿಂತಿತೇ? ಅವನ ನಂತರ ಲೈಡನ್ನಿನ ಯಾನ್ ಎಂಬವನು ಬಹುಪತ್ನಿತ್ವವನ್ನು ಜಾರಿಗೆ ತಂದು, ತಾನೇ ರಾಜನೆಂದೂ ಸಾರಿದ. ಪ್ರಶ್ನಿಸಿದವರ ಪ್ರಾಣ ಉಳಿಯಲಿಲ್ಲ. 1535ರಲ್ಲಿ ಊರು ಬಿತ್ತು.

"ಸತ್ಯವೇದ ಒಂದೇ ಸಾಕು" ಅನ್ನುವ ನಮ್ಮ ಪ್ರೊಟೆಸ್ಟಂಟರು ಎಡವಿಲ್ಲವೇ? ಚೆನ್ನಾಗಿಯೇ ಎಡವಿದ್ದಾರೆ. ಅಮೆರಿಕದ ವಿಲಿಯಂ ಮಿಲ್ಲರ್ ಹೊಸ ದರ್ಶನ ಕಂಡೆ ಎನ್ನಲೇ ಇಲ್ಲ. ದಾನಿಯೇಲನ 2300 ದಿನಗಳನ್ನು ವರ್ಷಗಳೆಂದು ಎಣಿಸಿದ, ಅಷ್ಟೇ. ಅವನ ಹಿಂಬಾಲಕರು ಕ್ರಿಸ್ತನು ಮತ್ತೆ ಬರುತ್ತಾನೆಂದು 1844ರ ಅಕ್ಟೋಬರ್ 22ರ ರಾತ್ರಿಯಿಡೀ ಕಾದರು, ಬೆಳಗಾಯಿತು. ವ್ಯತ್ಯಾಸ ಒಂದೇ: ಅವನ ಲೆಕ್ಕ ಎಲ್ಲರ ಮುಂದಿತ್ತು, ತಪ್ಪಾದಾಗ ಅದು ಎಲ್ಲರಿಗೂ ಕಂಡಿತು. ಅವನೂ ಒಪ್ಪಿಕೊಂಡ.

ಸತ್ಯವೇದದಲ್ಲಿ ಯಾವ ಪುಸ್ತಕಗಳು ಸೇರಬೇಕು ಎಂಬ ಪಟ್ಟಿಯನ್ನು ಸತ್ಯವೇದವೇ ಕೊಡುವುದಿಲ್ಲವಲ್ಲ ಎಂದು ಕೇಳಿದ್ದೀ. ಒಳ್ಳೇ ಪ್ರಶ್ನೆ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ 367ರ ಈಸ್ಟರ್ ಪತ್ರದಲ್ಲಿ ಸಿಗುತ್ತದೆ. ಪರಂಪರೆಯೂ ಬೇಕು ಎನ್ನುವ ಕಥೋಲಿಕರು ಇಲ್ಲೇ ನಮ್ಮನ್ನು ಹಿಡಿಯುತ್ತಾರೆ. ಅವರ ಹಿಡಿತ ಸಡಿಲವೇನಲ್ಲ. ಸಭೆ ಆ ಪುಸ್ತಕಗಳನ್ನು ಗುರುತಿಸಿತು, ಹುಟ್ಟಿಸಲಿಲ್ಲ ಎಂಬುದು ನನ್ನ ಉತ್ತರ. ಅದರಿಂದ ಎಲ್ಲರಿಗೂ ಸಮಾಧಾನವಾಗದು ಎಂದು ಗೊತ್ತು.

ಆ ಹಿರಿಯರನ್ನು ಹೀಯಾಳಿಸಬೇಡ. ಒಂದೇ ಮಾತು ಕೇಳು: "ನಿಮಗೆ ಬಂದ ಮಾತು ತಪ್ಪು ಎಂದು ಹೇಳುವ ಹಕ್ಕು ಈ ಕೂಟದಲ್ಲಿ ಯಾರಿಗಿದೆ?" ಉತ್ತರಕ್ಕಿಂತ ಮೊದಲು ಅವರ ಮುಖ ನೋಡು. ನೌಕರಿ ಬಿಡು ಎಂಬ ಅವರ ದರ್ಶನದ ವಿಷಯ, ಅದಾದ ಮೇಲೆ ಮಾತಾಡೋಣ. ಅಲ್ಲಿಯವರೆಗೆ ರಾಜೀನಾಮೆ ಕೊಡಬೇಡ.

ನನ್ನ ಆ ಹಾಳೆಯನ್ನು ಹರಿದು ಹಾಕಿಲ್ಲ. ಬಂದಾಗ ತೋರಿಸುತ್ತೇನೆ. ಅಮ್ಮ ತೀರಿದ ತಾರೀಖನ್ನು ಅದೇ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ನಿನ್ನ ದೊಡ್ಡಪ್ಪ