ಭಾನುವಾರದ ಮಾತುಕತೆ: ಒಂದೇ ಸಂದರ್ಶನ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ಎಂದಿನಂತೆ ಆನ್‌ಲೈನ್‌ನಲ್ಲೇ ಸಂದರ್ಶನದ ಚರ್ಚೆಗೆ ಸೇರೋಣ. ಆದರೆ ಎರಡರ ಬದಲು ಒಂದೇ ಸಂದರ್ಶನ: 1964ರಲ್ಲಿ ಜರ್ಮನ್ ಟಿವಿಗಾಗಿ ಪತ್ರಕರ್ತ ಗುಂಟರ್ ಗೌಸ್ ಅವರು ಜರ್ಮನ್ ಯಹೂದಿ ಚಿಂತಕಿ ಹನ್ನಾ ಅರೆಂಟ್ ಅವರೊಂದಿಗೆ ನಡೆಸಿದ್ದು. ಕಳೆದ ಸಲ ಅವಸರದಲ್ಲಿ ಎರಡಕ್ಕೂ ನ್ಯಾಯ ಸಿಗಲಿಲ್ಲ ಅನ್ನಿಸಿತು.

ಗೌಸ್ ಆರಂಭದಲ್ಲೇ ಅರೆಂಟ್ ಅವರನ್ನು ತತ್ವಜ್ಞಾನಿಗಳ ಸಾಲಿಗೆ ಸೇರಿಸುತ್ತಾರೆ. ಅರೆಂಟ್ ಒಪ್ಪುವುದಿಲ್ಲ, ತಮ್ಮದು ರಾಜಕೀಯ ಸಿದ್ಧಾಂತ ಅನ್ನುತ್ತಾರೆ. ಪ್ರಭಾವ ಬೀರುವುದಲ್ಲ, ಅರ್ಥ ಮಾಡಿಕೊಳ್ಳುವುದೇ ತಮಗೆ ಮುಖ್ಯ ಎಂಬ ಮಾತೂ ಬರುತ್ತದೆ. 1933ರಲ್ಲಿ ಜರ್ಮನಿ ಬಿಟ್ಟ ಅರೆಂಟ್ ಅವರಿಗೆ ಕೊನೆಗೆ ಉಳಿದದ್ದೇನು? ಮಾತೃಭಾಷೆ. ಆ ಭಾಗವನ್ನು ದಯವಿಟ್ಟು ಎರಡು ಸಲ ಕೇಳಿ, ನನಗಂತೂ ಮೊದಲ ಸಲಕ್ಕೆ ಪೂರ್ತಿ ದಕ್ಕಲಿಲ್ಲ.

ಜರ್ಮನ್ ಬಾರದವರು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಗೌಸ್ ಜಾಗದಲ್ಲಿ ನೀವಿದ್ದಿದ್ದರೆ ಏನು ಕೇಳುತ್ತಿದ್ದಿರಿ? ಆ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ, ಚರ್ಚೆ ಅಲ್ಲಿಂದಲೇ ಶುರು.

ಮುಂದಕ್ಕೆ ಹಾಕಿದ್ದು ಅಮೆರಿಕದ ಭಾಷಾವಿಜ್ಞಾನಿ ಚಾಮ್‌ಸ್ಕಿ ಮತ್ತು ಫ್ರೆಂಚ್ ತತ್ವಜ್ಞಾನಿ ಫುಕೊ ನಡುವಿನ 1971ರ ಸಂವಾದ. ಮನುಷ್ಯ ಸ್ವಭಾವ ಅಂತ ಒಂದಿದೆಯೇ ಎಂಬ ಪ್ರಶ್ನೆಗೆ ಪೂರ್ತಿ ಒಂದು ಸಂಜೆ ಬೇಕು.

ಬರುವವರು, ಬರಲಾಗದವರು ಇಬ್ಬರೂ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಹೊಸ ಸದಸ್ಯರಲ್ಲಿ ಯಾರಾದರೂ ಚರ್ಚೆ ನಡೆಸಿಕೊಡುವುದಾದರೆ ತುಂಬಾ ಸಂತೋಷ.