ಗೂಡು ಕಟ್ಟುವ ಕೈ ಮಕ್ಕಳದ್ದೇ ಆಗಿರಲಿ

ಮಾನ್ಯರೇ,

ಪ್ರಾಥಮಿಕ ಶಾಲೆಯ ಮಕ್ಕಳಿಂದ ಕೋಲು, ಹಗ್ಗ, ಹಳೆಯ ಬಟ್ಟೆಗಳಲ್ಲಿ ಪುಟ್ಟ ಗೂಡು ಕಟ್ಟಿಸುವ ವಿನ್ಯಾಸ ಕಾರ್ಯಾಗಾರಗಳು ಸ್ವಾಗತಾರ್ಹ. ವಾಲುತ್ತಿರುವ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಇನ್ನೊಂದು ಕೋಲನ್ನು ಬಿಗಿದರೆ ಅದು ಅಲುಗಾಡದೆ ನಿಲ್ಲುತ್ತದೆ ಎಂಬುದನ್ನು, ಅಂದರೆ ತ್ರಿಕೋನದ ಗಟ್ಟಿತನವನ್ನು, ಮಗು ಕರಿಹಲಗೆಗಿಂತ ಹಗ್ಗದ ಗಂಟಿನಲ್ಲೇ ಚೆನ್ನಾಗಿ ಅರಿಯುತ್ತದೆ. 1943ರಲ್ಲಿ ಡೆನ್ಮಾರ್ಕಿನ ಎಮ್‌ಡ್ರುಪ್‌ನಲ್ಲಿ ಭೂದೃಶ್ಯ ವಿನ್ಯಾಸಕಾರ ಸೋರೆನ್ಸೆನ್ ಅವರ ಕಲ್ಪನೆಯಂತೆ ಆರಂಭವಾದ ಆಟದ ಮೈದಾನದಲ್ಲಿ ಮಕ್ಕಳು ಬೇಡವಾದ ವಸ್ತುಗಳಿಂದ ತಾವೇ ಗುಡಿಸಲು ಕಟ್ಟುತ್ತಿದ್ದರು. ಈಗಿನ ಕೆಲವು ಕಾರ್ಯಾಗಾರಗಳಲ್ಲಾದರೋ, ಛಾಯಾಚಿತ್ರ ಅಂದವಾಗಿ ಬರಲೆಂದೋ ಏನೋ, ದೊಡ್ಡವರೇ ಎಲ್ಲವನ್ನೂ ಕಟ್ಟಿ ಮುಗಿಸಿ, ಬಣ್ಣದ ಕಾಗದ ಅಂಟಿಸುವುದನ್ನಷ್ಟೇ ಮಕ್ಕಳಿಗೆ ಬಿಡುತ್ತಾರೆ. ಮಕ್ಕಳೇ ನಕ್ಷೆ ಬರೆದು, ಒಳಗೆ ಎಷ್ಟು ಮಂದಿ ಕೂರಬಹುದೆಂದು ಅಳೆದು, ಕುಸಿದದ್ದನ್ನು ಮತ್ತೆ ಕಟ್ಟಲು ಸಮಯ ಸಿಗುವಂತೆ ಸಂಘಟಕರು ಕಾರ್ಯಕ್ರಮ ರೂಪಿಸಬೇಕು. ಮೊನಚು ತುದಿಗಳನ್ನೂ ಭಾರದ ತೊಲೆಗಳನ್ನೂ ದೂರವಿಡುವ ಹೊಣೆ ಮಾತ್ರ ಹಿರಿಯರದಾಗಿರಲಿ.

– ಓರ್ವ ಪೋಷಕರು